ಏಟಿನ ಬಣ್ಣ

ಪರದೆಯ ಮೇಲೆ ಒಬ್ಬ ಮನುಷ್ಯನ ಚರ್ಮ ಹರಡಿಕೊಂಡಿತ್ತು. ಬೆನ್ನು ಒಂದು ಮೂಲೆಯಲ್ಲಿ, ಉದ್ದಕ್ಕೆ ಸೀಳಿ ಚಪ್ಪಟೆ ಮಾಡಿದ ಎರಡು ತೋಳು ಇನ್ನೊಂದು ಮೂಲೆಯಲ್ಲಿ, ನಡುವೆ ಕಿವಿಯಿಂದ ಕಿವಿಗೆ ಎಳೆದು ಬಿಗಿದಂಥ ಮುಖ. ಕಣ್ಣಿನ ಜಾಗದಲ್ಲಿ ಎರಡು ತೂತು. ಮೊದಲ ಸಲ ಇದನ್ನು ನೋಡಿದ ದಿನ ಅವನಿಗೆ ಮಧ್ಯಾಹ್ನದ ಊಟ ಸೇರಿರಲಿಲ್ಲ. ಈಗ ಎಡಗೈಯಲ್ಲಿ ಟೀ ಲೋಟ ಹಿಡಿದುಕೊಂಡೇ ಬಲಗೈಯ ಪೆನ್ನಿನಿಂದ ಆ ಕೆನ್ನೆಯ ಮೇಲೆ ಕೆಂಪು ಎಳೆಯುವಷ್ಟು ಅಭ್ಯಾಸವಾಗಿದೆ. ಕಂಪ್ಯೂಟರಿನಲ್ಲಿ ಆಡುವ ಹೊಡೆದಾಟದ ಆಟವೊಂದರ ಬೊಂಬೆಗೆ ತೊಡಿಸುವ ಚರ್ಮ ಇದು. ಹೀಗೆ ಬಿಚ್ಚಿ ಹರಡಿದ್ದರ ಮೇಲೆ ಬಣ್ಣ ಹಚ್ಚಿ ಕೊಟ್ಟರೆ ಕಂಪ್ಯೂಟರು ಅದನ್ನು ಮತ್ತೆ ಬೊಂಬೆಗೆ ಸುತ್ತಿ, ಹೊಲಿಗೆ ಕಾಣದಂತೆ ಕೂಡಿಸುತ್ತದೆ. ಫೋಟೋ ತಂದು ಅಂಟಿಸುವ ಹಾಗಿಲ್ಲ, ಎಲ್ಲ ಕೈಯಲ್ಲೇ ಆಗಬೇಕು. ಬೆಳಕನ್ನೂ ನೆರಳನ್ನೂ ಸಹ ಬಣ್ಣದಲ್ಲೇ ಬರೆಯಬೇಕು, ಏಕೆಂದರೆ ಆ ಆಟದ ಲೋಕದಲ್ಲಿ ಸೂರ್ಯನನ್ನು ನಂಬುವಂತಿರಲಿಲ್ಲ. ಅವನ ಹಿಂದೆ ಕುರ್ಚಿ ಸರಿದ ಸದ್ದಾಯಿತು. ಅವನಿಗೆ ಕೆಲಸ ಕಲಿಸುತ್ತಿದ್ದ, ಅವನಿಗಿಂತ ಎಷ್ಟೋ ಚಿಕ್ಕವಳಾದ, ತಂಡದ ಮೇಲ್ವಿಚಾರಕಿಯಾದ ಆ ಹುಡುಗಿಯನ್ನು ಎಲ್ಲರೂ ಲೀಡ್ ಎಂದು ಕರೆಯುತ್ತಿದ್ದರು. "ಸ್ಟುಡಿಯೋ, ನೀವು ಮಾಡಿದ ತೋಳು ಇದೆಯಲ್ಲ, ಅದನ್ನ ಮೇಲಿನವರೆಲ್ಲ ನೋಡಿದ್ರು," ಎಂದಳು. "ಇದನ್ನ ಮಾಡಿದ್ದು ಹೊಸಬನಾ ಅಂತ ಕೇಳಿದ್ರು. ಈಗ ಮುಖ ಬೇಕಂತೆ. ಕಣ್ಣಿನ ಮೇಲೆ ಏಟು ಬಿದ್ದು ಹುಬ್ಬು ಒಡೆದಿರ್ಬೇಕು. ಇದೊಂದು ಸರಿಯಾಗಿ ಬಂತು ಅಂದ್ರೆ ನಿಮ್ಮ ಹೆಸರಿನ ಮುಂದಿರೋ ಟ್ರೈನಿ ಅನ್ನೋ ಬಾಲ ಕತ್ತರಿಸಿ ಹಾಕಿಸ್ತೀನಿ." ಅವನು ನಕ್ಕ. ಹೊಗಳಿದಾಗ ಹೇಗೆ ನಗಬೇಕೆಂದು ತಿಳಿಯದೆ, ಬೈಸಿಕೊಂಡಾಗ ನಗುತ್ತಿದ್ದ ನಗೆಯನ್ನೇ ನಕ್ಕ.

ಸ್ಟುಡಿಯೋ ಎಂಬ ಹೆಸರು ಬಂದ ದಿನವೂ ಹೀಗೇ ನಕ್ಕಿದ್ದ. ಆ ದಿನ ಅವನ ಮುಂದೆ ಇದ್ದದ್ದು ಬರಿಯ ಕಲ್ಲು. ಹೊಸಬರಿಗೆಲ್ಲ ಮೊದಲು ಕಲ್ಲಿನ ಗೋಡೆ ಕೊಡುತ್ತಾರೆ. ದೊಡ್ಡ ಆಕಾರ ಮೊದಲು, ಬಿರುಕು ಆಮೇಲೆ, ನೆರಳಿಗೆ ಕಪ್ಪು ಹಾಕಬಾರದು. ಎಲ್ಲವನ್ನೂ ಹೇಳಿದ ಹಾಗೇ ಮಾಡಿದ್ದ. ಆದರೂ ಅವನು ಬರೆದ ಕಲ್ಲುಗಳು ನುಣ್ಣಗೆ, ಮೆತ್ತಗೆ, ಸ್ನಾನದ ಮನೆಯಲ್ಲಿ ಸವೆದ ಬಿಲ್ಲೆಗಳ ಹಾಗೆ ಕಾಣುತ್ತಿದ್ದವು. "ಇದೇನು ಕಲ್ಲೋ ಸೋಪೋ?" ಎಂದು ಲೀಡ್ ಕೇಳಿದಾಗ ಸಾಲಿನಲ್ಲಿ ಕೂತ ಹುಡುಗರೆಲ್ಲ ಕಿವಿಯ ಮೇಲಿನ ಹೆಡ್‌ಫೋನ್ ಎತ್ತಿ ತಿರುಗಿ ನೋಡಿದ್ದರು. ತಾನು ಮೊದಲು ಫೋಟೋ ಸ್ಟುಡಿಯೋದಲ್ಲಿದ್ದೆ, ಮದುವೆಯ ಫೋಟೋಗಳನ್ನು ತಿದ್ದುತ್ತಿದ್ದೆ ಎಂದು ಅವನು ಸಮಜಾಯಿಷಿ ಕೊಡಲು ಹೋದ. ಅಷ್ಟು ಸಾಕಾಯಿತು. ಹೌದು, ಅಷ್ಟು ವರ್ಷವೂ ಅವನ ಬೆರಳು ಕಲಿತದ್ದು ಅಳಿಸುವುದನ್ನೇ. ಮದುಮಗಳ ಮೊಡವೆ, ಮಾವನ ಮಚ್ಚೆ, ಅತ್ತು ಊದಿದ ಕಣ್ಣು, ಯಾರೋ ಗಿಲ್ಲಿದ ಗುರುತು. ಚರ್ಮದ ಮೇಲೆ ಏನಿದ್ದರೂ ಒರೆಸಿಬಿಡು ಎಂದು ಯಜಮಾನರು ಹೇಳುತ್ತಿದ್ದರು. ಸ್ಟುಡಿಯೋ ಮುಚ್ಚಿದ ಮೇಲೂ ಕೈ ಒರೆಸುತ್ತಲೇ ಇತ್ತು. ಕಲ್ಲಾದ ಮೇಲೆ ಮರ, ಮರವಾದ ಮೇಲೆ ತುಕ್ಕು, ತುಕ್ಕಾದ ಮೇಲೆ ಚರ್ಮ ಕೊಟ್ಟರು. ಪೆಟ್ಟು ತಿಂದ ತೋಳು ಬರೆಯಲು ಹೇಳಿದಾಗ ಅವನು ನೇರಳೆ ಬಣ್ಣ ತೆಗೆದುಕೊಂಡು ಗುಂಡಗೆ ಹಚ್ಚಿ ಅಂಚನ್ನು ಮೆತ್ತಗೆ ಮಾಡಿದ್ದ. ಲೀಡ್ ಬಗ್ಗಿ ನೋಡಿ, "ಶಾಯಿ ಚೆಲ್ಲಿದ ಹಾಗಿದೆ ಸ್ಟುಡಿಯೋ. ಏಟು ಮೇಲೆ ಕೂತಿರಲ್ಲ, ಒಳಗಿಂದ ಬರುತ್ತೆ. ಜನ್ಮದಲ್ಲಿ ಏಟೇ ತಿಂದಿಲ್ವಾ ನೀವು? ಮನೇಲಿ ಯಾರಿಗಾದ್ರೂ ಬಿದ್ದಿದ್ರೆ ನೋಡ್ಕೊಂಡು ಬನ್ನಿ," ಎಂದಿದ್ದಳು. ತಮಾಷೆಗೆ ಹೇಳಿದ್ದು. ಅವಳಿಗೇನು ಗೊತ್ತು.

ಮನೆಯಲ್ಲಿ ಅಕ್ಕ ಉದ್ದ ತೋಳಿನ ರವಿಕೆ ಹಾಕಲು ಶುರುಮಾಡಿ ಬಹಳ ಕಾಲವಾಗಿತ್ತು. ಸೆಖೆಯಲ್ಲೂ ಬಿಡುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬೀದಿಯವರ ಬಟ್ಟೆ ಹೊಲಿಯುತ್ತಿದ್ದ ಅವಳು ಬೇರೆಯವರಿಗೆ ಗಿಡ್ಡ ತೋಳು, ಅರೆತೋಳು, ತೋಳೇ ಇಲ್ಲದ್ದು ಎಲ್ಲವನ್ನೂ ಹೊಲಿದು ತನಗೆ ಮಾತ್ರ ಮಣಿಕಟ್ಟಿನವರೆಗೆ ಹೊಲಿದುಕೊಳ್ಳುತ್ತಿದ್ದಳು. ಅಮ್ಮನಿಗೆ ಮರೆವು ಬಂದಿತ್ತು. ಮೊದಲು ವಸ್ತುಗಳ ಹೆಸರು ಹೋದವು, ಆಮೇಲೆ ಮನುಷ್ಯರ ಹೆಸರು, ಆಮೇಲೆ ಮನುಷ್ಯರೇ ಹೋದರು. ಕೊನೆಗೆ ಉಳಿದದ್ದು ಕೈಗಳು. ಇರುವೆ ತುಳಿದರೂ ಅಯ್ಯೋ ಎನ್ನುತ್ತಿದ್ದ ಹೆಂಗಸಿನ ಕೈಗಳಿಗೆ ಎಲ್ಲಿಂದಲೋ ಕೋಪ ಬಂದು ಸೇರಿಕೊಂಡಿತು. ಲೋಟ ಸಿಕ್ಕರೆ ಲೋಟ, ಚಪ್ಪಲಿ ಸಿಕ್ಕರೆ ಚಪ್ಪಲಿ, ಏನೂ ಸಿಗದಿದ್ದರೆ ಹಲ್ಲು. ಸ್ನಾನ ಮಾಡಿಸಲು ಹೋದ ಅಕ್ಕನ ಕೂದಲು ಹಿಡಿದು ತಲೆಯನ್ನು ನಲ್ಲಿಗೆ ಜಜ್ಜುತ್ತಿದ್ದಳು. ಅಕ್ಕ ಅವಳ ಪಾಲಿಗೆ ಅಕ್ಕನಾಗಿರಲಿಲ್ಲ, ಮನೆಯೊಳಗೆ ನುಗ್ಗಿ ಮಕ್ಕಳನ್ನು ಕದ್ದ ಯಾರೋ ಹೆಂಗಸು. "ಎಲ್ಲೇ ನನ್ನ ಮಕ್ಕಳು? ಎಲ್ಲಿ ಬಚ್ಚಿಟ್ಟಿದೀಯೇ ಮುಂಡೆ? ತಂದು ಕೊಡೇ," ಎಂದು ಕೂಗುತ್ತ, ತನ್ನ ಮಗಳಿಗಾಗಿ ತನ್ನ ಮಗಳನ್ನೇ ಹೊಡೆಯುತ್ತಿದ್ದಳು. ಇದೆಲ್ಲ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬೆಳಿಗ್ಗೆ ಬೇಗ ಹೊರಟು ಸಂಜೆ ನಿಧಾನವಾಗಿ ಬರುತ್ತಿದ್ದ. ಕಲಿಯಬೇಕಲ್ಲ, ಈ ವಯಸ್ಸಿನಲ್ಲಿ ಹೊಸ ಕಸುಬು ಹಿಡಿಯುವುದೆಂದರೆ ಹುಡುಗಾಟವೇ ಎಂದು ಅಕ್ಕನೇ ಯಾರಿಗೋ ಹೇಳುತ್ತಿದ್ದದ್ದು ಅವನ ಕಿವಿಗೆ ಬಿದ್ದು ಹಿತವಾಗಿತ್ತು.

ಲೀಡ್ ತಮಾಷೆ ಮಾಡಿದ ಆ ಸಂಜೆ ಅವನು ಮುಲಾಮು ಕೊಂಡು ಮನೆಗೆ ಹೋದ. ಅಮ್ಮ ಮಲಗಿದ್ದಳು. ಅಕ್ಕ ದೀಪದ ಕೆಳಗೆ ಕೂತು ಗುಂಡಿ ಹೊಲಿಯುತ್ತಿದ್ದಳು. "ತೋಳು ಮಡಚು, ಹಚ್ತೀನಿ," ಎಂದ. "ಬೇಡ ಬಿಡೋ, ಇದೇನು ಮಹಾ," ಎಂದಳು ಅಕ್ಕ. ಅವನು ಬಿಡಲಿಲ್ಲ. ತೋಳು ಮೇಲೇರಿಸಿ ದೀಪದ ಕಡೆ ತಿರುಗಿಸಿದ. ತಿರುಗಿಸಿದ ರೀತಿ ಹಚ್ಚುವವನದಲ್ಲ, ನೋಡುವವನದು ಎಂದು ಅವನಿಗೆ ಆಗಲೇ ತಿಳಿದಿತ್ತು. ಅಲ್ಲಿ ಎಲ್ಲ ಇತ್ತು. ಮೊಣಕೈಯ ಹತ್ತಿರ ಹಳೆಯದು ಹಳದಿಗೆ ತಿರುಗಿ, ಹಸಿರು ಅಂಚು ಕಟ್ಟಿ, ಚರ್ಮದೊಳಗೆ ಇಳಿದುಹೋಗುತ್ತಿತ್ತು. ಅದರ ಮೇಲೆ ಹೊಸದು, ನಡುವೆ ತಿಳಿ, ಸುತ್ತ ಕಡು, ಅವನು ಅಂದುಕೊಂಡದ್ದಕ್ಕೆ ಸರಿಯಾಗಿ ತಿರುಗುಮುರುಗು. ನೇರಳೆ ಎಂದು ಅವನು ತಿಳಿದಿದ್ದರಲ್ಲಿ ಕಂದು, ನೀಲಿ, ಸಣ್ಣ ಸಣ್ಣ ಕೆಂಪು ಚುಕ್ಕೆಗಳೂ ಇದ್ದವು. ಭುಜದ ಕೆಳಗೆ ಹಲ್ಲಿನ ಅರ್ಧಚಂದ್ರ, ಒಂದು ಹಲ್ಲು ಇಲ್ಲದ ಜಾಗ ಖಾಲಿ. ಅವನ ಬೆರಳು ಮುಲಾಮು ಸವರುತ್ತಿತ್ತು, ಕಣ್ಣು ಬಣ್ಣ ಕಲಸುತ್ತಿತ್ತು. "ಇಷ್ಟು ದಿನ ಯಾರೂ ಕೇಳಿರ್ಲಿಲ್ಲ ಕಣೋ," ಎಂದು ಅಕ್ಕ ಇದ್ದಕ್ಕಿದ್ದ ಹಾಗೆ ಅತ್ತಳು. "ನಿಂಗೆ ಕಾಣಿಸ್ತಾನೇ ಇಲ್ಲವೇನೋ ಅಂದ್ಕೊಂಡಿದ್ದೆ." ಕಣ್ಣೀರು ಅವಳ ತೋಳಿನ ಮೇಲೆ ಬಿದ್ದು ಹರಿಯಿತು. ಒದ್ದೆಯಾದ ಕಡೆ ಬೆಳಕು ಎಲ್ಲಿ ಹೊಳೆಯುತ್ತದೆ, ಎಲ್ಲಿ ಸಾಯುತ್ತದೆ ಎಂಬುದನ್ನೂ ಅವನು ನೋಡಿಕೊಂಡ. ನೋಡಿಕೊಂಡ ಮೇಲೆ ಅವಳ ತಲೆ ಸವರಿದ.

ಮರುದಿನ ತೋಳು ಬಂತು. ಇಡೀ ಸಾಲು ಎದ್ದು ಬಂದು ಅವನ ಕುರ್ಚಿಯ ಹಿಂದೆ ನಿಂತಿತು. ಲೀಡ್ ಬೊಂಬೆಯನ್ನು ತಿರುಗಿಸಿ, ಹತ್ತಿರ ಮಾಡಿ, ದೂರ ಮಾಡಿ ತೋರಿಸಿದಳು. ಗಡ್ಡ ಬಿಟ್ಟ ಕಟ್ಟುಮಸ್ತಾದ ಹೊಡೆದಾಟಗಾರನ ಭುಜದಿಂದ ಅಕ್ಕನ ತೋಳು ಜೋತಾಡುತ್ತಿತ್ತು. ಆ ದಿನದಿಂದ ಅವನು ಸಂಜೆ ಬೇಗ ಮನೆಗೆ ಬರತೊಡಗಿದ. ಬಂದವನೇ ಅಕ್ಕನನ್ನು ಮಾತಾಡಿಸುವ ಮೊದಲು ಕತ್ತು, ಕೈ, ಕಿವಿಯ ಹಿಂದೆ ಒಮ್ಮೆ ಕಣ್ಣಾಡಿಸುತ್ತಿದ್ದ. ಏನೂ ಹೊಸದಿಲ್ಲದ ದಿನ ಒಳಗೊಂದು ಸಣ್ಣ ನಿರಾಸೆಯಾಗುತ್ತಿತ್ತು. ಆ ನಿರಾಸೆಯನ್ನು ಗುರುತಿಸಿದ ದಿನ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಎರಚಿಕೊಂಡಿದ್ದ, ಅಷ್ಟೆ. ಅಕ್ಕ ಮಾತ್ರ, ತಮ್ಮ ಬದಲಾಗಿದ್ದಾನೆ, ಈಗ ಎಲ್ಲ ಗಮನಿಸುತ್ತಾನೆ ಎಂದು ಎದುರುಮನೆಯಾಕೆಗೆ ಹೇಳಿಕೊಂಡು ಬಂದಿದ್ದಳು.

ಈಗ ಮುಖ ಬೇಕು. ಅವನು ಬೆಳಿಗ್ಗೆಯೆಲ್ಲ ಹುಬ್ಬಿನ ಮೇಲೆ ಕೆಂಪು ಎಳೆದ, ಅಳಿಸಿದ, ಎಳೆದ. ಗಾಯ ಮುಖದ ಮೇಲೆ ಅಂಟಿಸಿದ ಕಾಗದದ ಹಾಗೆ ಕೂತಿತ್ತು. ತಾನು ಬರೆದದ್ದೆಲ್ಲ ಮುಗಿದುಹೋದ ಏಟು, ಆಗುತ್ತಿರುವ ಏಟನ್ನು ತಾನು ನೋಡಿಯೇ ಇಲ್ಲ ಎನ್ನಿಸಿತು. ಮಧ್ಯಾಹ್ನ ಕಳೆದು ಸ್ವಲ್ಪಕ್ಕೇ ತಲೆನೋವೆಂದು ಹೇಳಿ ಹೊರಟ. ಬೀದಿಯಲ್ಲಿ ಬರುವವರ ಮುಖಗಳೆಲ್ಲ ಕಿವಿಯ ಹಿಂದೆ ಕತ್ತರಿಸಿ ಬಿಚ್ಚಬಹುದಾದ ಹಾಗೆ ಕಾಣುತ್ತಿದ್ದವು. ಸಿಗ್ನಲಿನ ಹತ್ತಿರ ಗುಂಪು ಕಟ್ಟಿತ್ತು. ಬೈಕಿನವನೊಬ್ಬನನ್ನು ಲಾರಿಯವನು ಕಾಲರು ಹಿಡಿದು ಎತ್ತಿ ಲಾರಿಯ ಬಾಗಿಲಿಗೆ ಒತ್ತಿದ್ದ. "ಕಣ್ಣು ಕಾಣಲ್ವೇನಲೇ? ಕಾಣೋ ಹಾಗೆ ಮಾಡ್ಲಾ?" ಎಂದು ಗುದ್ದಿದ. ಮೂಗಿನಿಂದ ಬಂದದ್ದು ಮೊದಲು ಗೆರೆ, ಆಮೇಲೆ ಮೀಸೆ, ಆಮೇಲೆ ಗಲ್ಲವೆಲ್ಲ. ಅವನು ಜನರನ್ನು ಸರಿಸಿಕೊಂಡು ಮುಂದೆ ಹೋದ. ಬೈಕಿನವನ ಕಣ್ಣು ಅವನ ಮೇಲೆ ಬಿತ್ತು. ಮುಂದೆ ಬಂದವನು ಬಿಡಿಸಲು ಬಂದನೆಂದು ಬೈಕಿನವನಿಗೆ ಅನ್ನಿಸಿರಬೇಕು, ಕೈ ಚಾಚಿದ. ಅವನು ಆ ಕೈಯನ್ನು ಹಿಡಿಯಲಿಲ್ಲ. ಲಾರಿಯವನು ಮತ್ತೆ ಗುದ್ದಿದ. ಪಕ್ಕದಲ್ಲಿದ್ದ ವಯಸ್ಸಾದವರೊಬ್ಬರು ಕೊಡೆಯ ತುದಿಯಿಂದ ಅವನ ಪಕ್ಕೆಗೆ ತಿವಿದು, "ಏನ್ರೀ, ಗಂಡಸಾಗಿ ಮುಂದೆ ಬಂದು ನಿಂತು ಬಾಯಿ ಬಿಟ್ಕೊಂಡು ನೋಡ್ತೀರಲ್ಲ, ಬಿಡಿಸಬಾರ್ದಾ? ಸಿನಿಮಾನಾ ಇದು?" ಎಂದರು. ಗುಂಪು ಅವನನ್ನೇ ನೋಡಿತು. ಯಾರೋ ನಕ್ಕರು. ಅವನು ಅಲ್ಲಿಂದ ಬಹುಮಟ್ಟಿಗೆ ಓಡಿಯೇ ಬಂದ. ಕಿವಿ ಉರಿಯುತ್ತಿತ್ತು. ಓಡುವಾಗಲೂ ತಲೆಯೊಳಗೆ ಆ ಮೂಗು ಒಡೆಯುತ್ತಲೇ ಇತ್ತು, ಮೂಗಲ್ಲ, ನನಗೆ ಬೇಕಾದದ್ದು ಹುಬ್ಬು ಎಂದು ಯಾವುದೋ ಒಂದು ಭಾಗ ಗೊಣಗುತ್ತಿತ್ತು.

ಅಮ್ಮ ಹೊರಗೆ ಓಡಿಹೋಗದಿರಲೆಂದು ಮುಂಬಾಗಿಲಿನ ಕಬ್ಬಿಣದ ಗೇಟಿಗೆ ಒಳಗಿನಿಂದ ಬೀಗ ಹಾಕಿರುತ್ತಿದ್ದರು. ಅವನು ಸರಳುಗಳ ನಡುವೆ ಕೈ ತೂರಿಸಿ ತನ್ನ ಕೀಲಿಯಿಂದ ತೆಗೆದ. ಒಳಗೆ ಬಂದು ಬೀಗವನ್ನು ಮತ್ತೆ ಹಾಕದೆ ಹೊಲಿಗೆ ಯಂತ್ರದ ಹಲಗೆಯ ಮೇಲೆ ಇಟ್ಟ. ಅಂಗೈ ತುಂಬುವಷ್ಟು ದೊಡ್ಡ, ಹಳೆಯ ಹಿತ್ತಾಳೆಯ ಬೀಗ. ಅಕ್ಕ ಬೆನ್ನು ಮಾಡಿಕೊಂಡು, ಗಿರಾಕಿಗಳಿಗೆಂದು ಗೋಡೆಗೆ ಒರಗಿಸಿದ್ದ ಆಳೆತ್ತರದ ಕನ್ನಡಿಯ ಮುಂದೆ ನಿಂತಿದ್ದಳು. ಯಾರದೋ ಅರ್ಧ ಹೊಲಿದ ಅಂಗಿಯನ್ನು ತನ್ನ ಮೈಗೆ ಹಿಡಿದು ಅಳತೆ ನೋಡುತ್ತಿದ್ದಳು. ತುಟಿಗಳ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡಿದ್ದಳು. "ಉಂ," ಎಂದಳು, ಬಂದೆಯಾ ಎನ್ನುವುದಕ್ಕೆ. ಅವನು ಚಪ್ಪಲಿ ಬಿಡಲು ಬಗ್ಗಿದ. ತಲೆ ಎತ್ತಿದಾಗ ಅಮ್ಮ ಒಳಗಿನಿಂದ ಬಂದಿದ್ದಳು. ಬರಿಗಾಲು, ಸದ್ದೇ ಇಲ್ಲ. ಅವನನ್ನು ದಾಟಿ ಯಂತ್ರದ ಹತ್ತಿರ ಹೋಗಿ ಬೀಗವನ್ನು ಎತ್ತಿಕೊಂಡಳು. ಅದನ್ನು ಮುಷ್ಟಿಯೊಳಗೆ ಸರಿಯಾಗಿ ಕೂರಿಸಿಕೊಂಡದ್ದನ್ನೂ ಅವನು ನೋಡಿದ. ಅಕ್ಕ ಎಂದು ಕೂಗಬೇಕಾಗಿತ್ತು. ಎರಡು ಅಕ್ಷರ. ಗಂಟಲಿನವರೆಗೆ ಬಂದಿತ್ತು. ಅಮ್ಮನ ತೋಳು ಮೇಲೇರಿತು, ಸೀರೆಯ ಸೆರಗು ಜಾರಿತು, ಕಿಟಕಿಯ ಬೆಳಕು ಹಿತ್ತಾಳೆಯ ಅಂಚಿಗೆ ತಾಗಿತು. ಅಕ್ಕ ಏನೋ ಕಂಡವಳ ಹಾಗೆ ತಿರುಗತೊಡಗಿದಳು. ಅವನು ನೋಡುತ್ತಿದ್ದ. ಒಂದು ಉಸಿರಿನಷ್ಟು ಹೊತ್ತು, ಒಳಗೆ ಎಳೆದುಕೊಂಡ ಆ ಉಸಿರನ್ನು ಹೊರಗೆ ಬಿಡದೆ, ಇಡೀ ಮೈ ಕಣ್ಣಾಗಿ ನೋಡುತ್ತಿದ್ದ.

ಬೀಗ ಎಡ ಹುಬ್ಬಿನ ಮೇಲೆ ಬಿತ್ತು. ತೆಂಗಿನಕಾಯಿ ಒಡೆದ ಸದ್ದಲ್ಲ, ಒದ್ದೆ ಬಟ್ಟೆ ಬಡಿದಂಥ ಸದ್ದು. ಚರ್ಮ ಬಿರಿದು ಒಳಗೆ ಬಿಳಿ ಕಂಡಿತು, ರಕ್ತ ಬರಲು ಒಂದು ಕ್ಷಣ ತಡವಾಯಿತು, ಬಂದಮೇಲೆ ನಿಲ್ಲಲಿಲ್ಲ. ಅಕ್ಕ ಕೂಗಲು ಬಾಯಿ ತೆರೆದಳು. ಸೂಜಿಗಳು ನೆಲದ ಮೇಲೆ ಉದುರಿದವು, ಒಂದು ಕೆಳದುಟಿಯೊಳಗೆ ಹೊಕ್ಕು ಅಲ್ಲೇ ನಿಂತಿತು. ಕನ್ನಡಿಯನ್ನು ಹಿಡಿಯಲು ಹೋಗಿ ಅದರ ಮೇಲೆ ಕೆಂಪು ಅಂಗೈ ಮೂಡಿಸಿ ಕುಸಿದಳು. ಅಮ್ಮ "ಕೊಡೇ, ಕೊಡೇ ನನ್ನ ಮಕ್ಕಳನ್ನ" ಎನ್ನುತ್ತ ಮತ್ತೆ ಬೀಗ ಎತ್ತಿದಳು. ಆಗ ಅವನಿಗೆ ಮೈ ವಾಪಸು ಬಂತು. ಒಂದೇ ನೆಗೆತಕ್ಕೆ ಹೋಗಿ ಅಮ್ಮನ ತೋಳನ್ನು ಹಿಡಿದ. ಕಡ್ಡಿಯಂಥ ತೋಳು. ಅದರೊಳಗೆ ಎಂಥ ಬಲ! ಬೀಗವನ್ನು ಕಿತ್ತು ಎಸೆದ. ಅವಳು ಅವನ ಕೈ ಕಚ್ಚಿದಳು. ಅವನು ಅವಳನ್ನು ಎಳೆದುಕೊಂಡು ಒಳಕೋಣೆಗೆ ಹೋಗಿ ಮಂಚದ ಮೇಲೆ ನೂಕಿದ, ಎದೆಯ ಮೇಲೆ ಮೊಣಕೈ ಊರಿ ಕೆನ್ನೆಗೆ ಹೊಡೆದ. ಮತ್ತೆ ಹೊಡೆದ. ಸಾಕು ಎಂದು ತನಗೇ ಹೇಳಿಕೊಂಡ ಮೇಲೂ ಇನ್ನೊಂದು ಹೊಡೆದ. ಬೀದಿಯಲ್ಲಿ ತಿವಿದ ಕೊಡೆ, ನಕ್ಕ ಗುಂಪು, ಸೋಪಿನಂಥ ಕಲ್ಲು, ಎಲ್ಲವೂ ಆ ಕೈಯಲ್ಲಿ ಬಂದವು. ತಾನು ಕೂಗದಿದ್ದದ್ದಕ್ಕೂ ಅಮ್ಮನನ್ನೇ ಹೊಡೆಯುತ್ತಿದ್ದೇನೆ ಎಂದು ಅವನಿಗೆ ಹೊಡೆಯುತ್ತಿರುವಾಗಲೇ ಗೊತ್ತಿತ್ತು. ಅಮ್ಮ ಥಟ್ಟನೆ ಸುಮ್ಮನಾದಳು. ಕೂಗು, ಬೈಗಳು ಎಲ್ಲ ನಿಂತು ಬರಿಯ ಉಸಿರು ಉಳಿಯಿತು. ಹಿಂದಿನಿಂದ ಯಾರೋ ಅವನ ಅಂಗಿಯ ಕೊರಳು ಹಿಡಿದು ಜಗ್ಗಿದರು. ಅಕ್ಕ. ಅರ್ಧ ಮುಖ ರಕ್ತ, ತುಟಿಯಲ್ಲಿ ಸೂಜಿ. ಅವನನ್ನು ಗೋಡೆಗೆ ಎಸೆದು, ಎರಡೂ ಕೈಯಿಂದ ಎದೆಗೆ, ಮುಖಕ್ಕೆ, ಸಿಕ್ಕಸಿಕ್ಕಲ್ಲಿಗೆ ಬಾರಿಸಿದಳು. "ಮುಟ್ಟಬೇಡ! ಅಮ್ಮನ್ನ ಮುಟ್ಟಬೇಡ! ಕೈ ಮುರಿದು ಹಾಕ್ತೀನಿ!" ಮಾತು ಮಾತಿಗೂ ರಕ್ತ ಸಿಡಿಯುತ್ತಿತ್ತು. ಇಷ್ಟು ದಿನ ತಿಂದದ್ದನ್ನೆಲ್ಲ ಅವಳು ಅವನಿಗೆ ಹಿಂದಿರುಗಿಸಿದಳು. ಆಮೇಲೆ ಅಮ್ಮನ ಕಾಲ ಬಳಿ ಕುಸಿದು ಕೂತಳು.

ಎದುರುಮನೆಯಾಕೆಯನ್ನು ಅಮ್ಮನ ಹತ್ತಿರ ಕೂರಿಸಿ, ಟವೆಲ್ಲು ಒತ್ತಿಕೊಂಡು ಇಬ್ಬರೂ ಬೀದಿಯ ತಿರುವಿನ ಕ್ಲಿನಿಕ್ಕಿಗೆ ಹೋದರು. ಡಾಕ್ಟರು ಹೊಲಿಗೆ ಹಾಕುವ ಮೊದಲು ಅಕ್ಕನ ತೋಳು ಮಡಚಿಸಿ ಸೂಜಿ ಚುಚ್ಚಿದರು. ಚುಚ್ಚಿ, ತೋಳನ್ನೇ ನೋಡುತ್ತ ನಿಂತರು. ಆಮೇಲೆ ತಲೆ ಎತ್ತಿ ಅವನನ್ನು ನೋಡಿದರು. "ಏನಾಯ್ತಮ್ಮ ಇದು?" "ಬಾಗಿಲು ತಗುಲ್ತು ಡಾಕ್ಟ್ರೆ." "ಹೌದೌದು. ಇಲ್ಲಿಗೆ ಬರೋ ಹೆಂಗಸರ ಮನೆ ಬಾಗಿಲುಗಳೆಲ್ಲ ಹೀಗೇ ಇರ್ತವೆ," ಎಂದು ಅವರು ದಾರ ಪೋಣಿಸಿದರು. "ಬಾಗಿಲು ಜೊತೇಲೇ ಬಂದ ಹಾಗಿದೆ." ನಾನಲ್ಲ ಎಂದು ಅವನು ಬಾಯಿ ತೆರೆದ. ಬೆರಳುಗಳ ಗೆಣ್ಣು ಇನ್ನೂ ಉರಿಯುತ್ತಿತ್ತು. ಬಾಯಿ ಮುಚ್ಚಿಕೊಂಡ. ಡಾಕ್ಟರು ಅವನನ್ನು ಹೊರಗೆ ಕೂರಲು ಹೇಳಿದರು. ಪರದೆಯ ಆಚೆ ಅಕ್ಕನಿಗೆ ಅವರು ಏನೋ ಮೆಲ್ಲಗೆ ಕೇಳುತ್ತಿದ್ದರು, ಅಕ್ಕ ಇಲ್ಲ, ಇಲ್ಲ ಎನ್ನುತ್ತಿದ್ದಳು. ಬೆಂಚಿನ ಮೇಲೆ ಕೂತ ಒಬ್ಬಾಕೆ ತನ್ನ ಮಗಳನ್ನು ಅವನ ಪಕ್ಕದಿಂದ ಎಳೆದು ಆಚೆ ಕೂರಿಸಿಕೊಂಡಳು.

ವಾಪಸು ಬರುವಾಗ ಅಕ್ಕ ಬಹಳ ನಿಧಾನವಾಗಿ ನಡೆಯುತ್ತಿದ್ದಳು. ಇನ್ನೂ ಬೆಳಕಿತ್ತು. ಮುಖದ ಎಡಭಾಗ ಊದಿ ಬೇರೆ ಯಾರದೋ ಮುಖದಂತಾಗಿತ್ತು. "ನೀನು ಕೂಗ್ಲಿಲ್ಲ," ಎಂದಳು. ಸೂಜಿ ಹೊಕ್ಕ ತುಟಿಯಿಂದ ಮಾತು ತೊದಲುತ್ತಿತ್ತು. "ಕನ್ನಡೀಲಿ ಕಾಣಿಸ್ತು ನಂಗೆ. ಅಮ್ಮ ಆಮೇಲೆ ಕಂಡಿದ್ದು. ಮೊದಲು ಕಂಡಿದ್ದು ನೀನು. ನೋಡ್ತಾ ನಿಂತಿದ್ದೆ." "ಅಕ್ಕ, ಗಾಬರಿ ಆಗಿ..." "ಗಾಬರಿ ಅಲ್ಲ. ನಂಗೆ ಗಾಬರಿ ಗೊತ್ತು." ಅವಳು ನಿಂತಳು. "ಆ ದಿನ ಮುಲಾಮು ಹಚ್ಚಿದೆಯಲ್ಲ, ಆವತ್ತೂ ಇದೇ ಮುಖ ಇತ್ತು ನಿಂದು. ನಾನು ಅದನ್ನ ಪ್ರೀತಿ ಅಂದ್ಕೊಂಡೆ. ಏನೋ ಅದು? ಹೇಳು, ಏನು ನೋಡ್ತೀಯ ನೀನು?" ಅವನು ಹೇಳಿದ. ರಸ್ತೆಯ ಬದಿಯಲ್ಲಿ, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಹತ್ತಿರ ನಿಂತು, ತೋಳು, ಬೊಂಬೆ, ಲೀಡ್, ಈ ದಿನ ಕೇಳಿದ ಮುಖ, ಎಲ್ಲವನ್ನೂ ಹೇಳಿದ. ಅಕ್ಕ ಹೊಡೆಯುತ್ತಾಳೆ ಎಂದುಕೊಂಡ, ಹೊಡೆಯಲಿ ಎಂದು ಕಾದ. ಅವಳು ಒಂದು ಸಲ ಮಾತ್ರ, "ಬಣ್ಣ ಚೆನ್ನಾಗಿ ಬಂತಾ?" ಎಂದು ಕೇಳಿದಳು. ವ್ಯಂಗ್ಯವೋ, ನಿಜವಾಗಿ ಕೇಳಿದ್ದೋ ಗೊತ್ತಾಗದ ದನಿ. ಅವನು ಹೌದೆಂದು ತಲೆಯಾಡಿಸಿದ. "ಹೂಂ," ಎಂದು ನಡೆಯತೊಡಗಿದಳು. ಮನೆಯ ಹತ್ತಿರ ಬಂದಾಗ, "ನಾಳಿದ್ದಿಂದ ನಾನು ಕೆಲಸಕ್ಕೆ ಹೋಗ್ತೀನಿ. ಆ ಬಟ್ಟೆ ಕಾರ್ಖಾನೆಯವರು ಬಾ ಬಾ ಅಂತ ಎಷ್ಟು ಸಲ ಕರೆದ್ರು. ಹಗಲು ನೀನು ಅಮ್ಮನ ಜೊತೆ ಇರು," ಎಂದಳು. "ಅಕ್ಕ, ನಾನು ಕೈ ಎತ್ತಿದೀನಿ, ನನ್ನ ನಂಬಿ ಹೇಗೆ..." "ನಂಬಿ ಅಲ್ಲ," ಎಂದಳು ಅಕ್ಕ. "ನಂಬೋಕೆ ಏನಿದೆ? ಇನ್ಯಾರಿದಾರೆ ಅಂತ."

ಅವನು ಲೀಡ್‌ಗೆ ಫೋನು ಮಾಡಿದ. ಇನ್ನು ಹಗಲು ಬರಲಾಗುವುದಿಲ್ಲ, ಮನೆಯಲ್ಲಿ ತಾಯಿಗೆ ಸರಿಯಿಲ್ಲ ಎಂದ. ಮುಖವನ್ನು ಬೇರೆ ಯಾರಾದರೂ ಮಾಡಲಿ, ಆ ತೋಳನ್ನೂ ತೆಗೆದುಹಾಕಿ ಎಂದ. "ತೋಳು ಯಾಕೆ? ಅದು ಆಗಲೇ ಆಟದೊಳಗೆ ಹೋಗಾಯ್ತು. ಈಗ ತೆಗಿಯೋಕಾಗಲ್ಲ ಸ್ಟುಡಿಯೋ, ಅದೇ ಎಲ್ಲಕ್ಕಿಂತ ಚೆನ್ನಾಗಿರೋದು." ಮರುಕ್ಷಣ ಅವಳೇ, "ಅದು ಯಾರದಾದ್ರೂ ತೋಳಾ?" ಎಂದು ಮೆಲ್ಲಗೆ ಕೇಳಿದಳು. ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ಮನೆಯಿಂದಲೇ ಮಾಡಿ ಹಾಗಾದ್ರೆ," ಎಂದಳು. "ಕಲ್ಲು, ಮರ ಕೊಡ್ತೀನಿ. ಟ್ರೈನಿ ಅಂತಾನೇ ಇರುತ್ತೆ, ಪರವಾಗಿಲ್ವಾ?" ಪರವಾಗಿಲ್ಲ ಎಂದ. ಯಾವುದೋ ಊರಿನ ಯಾವುದೋ ಕೋಣೆಯಲ್ಲಿ ಕೂತ ಹುಡುಗರು ಗುಂಡಿ ಒತ್ತಿ ಒತ್ತಿ ಆ ತೋಳಿಗೆ ಹೊಡೆಯುತ್ತಾರೆ ಎಂಬುದು ಫೋನು ಇಟ್ಟಮೇಲೆ ಹೊಳೆಯಿತು.

ಅಕ್ಕ ಹೊರಟ ಬೆಳಿಗ್ಗೆ ಹುಬ್ಬಿನ ಮೇಲಿನ ಪಟ್ಟಿಯನ್ನು ಮುಚ್ಚಿಕೊಳ್ಳಲಿಲ್ಲ. ಗಿಡ್ಡ ತೋಳಿನ ರವಿಕೆ ತೊಟ್ಟಿದ್ದಳು. ನೋಡುವವರು ನೋಡಲಿ ಎನ್ನುವ ಹಾಗೆ ಚೀಲ ಭುಜಕ್ಕೆ ಏರಿಸಿಕೊಂಡು, "ಒಲೆ ಮೇಲೆ ಅನ್ನ ಇದೆ, ಮೆತ್ತಗೆ ಮಾಡಿ ತಿನ್ನಿಸು. ಬಿಸಿ ಇದ್ರೆ ಎರಚ್ತಾಳೆ," ಎಂದಷ್ಟೇ ಹೇಳಿ ಗೇಟಿನ ಹೊರಗೆ ಹೋದಳು. ಅವನು ಬೀಗ ಹಾಕಿದ. ಒಳಗೆ ಅಮ್ಮ ಮಂಚದ ಮೇಲೆ ಕೂತು ಗೋಡೆ ನೋಡುತ್ತಿದ್ದಳು. ಆ ಸಂಜೆಯಿಂದ ಅವಳು ಯಾರಿಗೂ ಹೊಡೆದಿರಲಿಲ್ಲ, ಮಾತೂ ಆಡಿರಲಿಲ್ಲ. ಬಟ್ಟೆ ಬದಲಿಸಲೆಂದು ಅವನು ಅವಳ ರವಿಕೆಯ ತೋಳನ್ನು ಜಾರಿಸಿದ. ಕಾಗದದಂಥ ಚರ್ಮದ ಮೇಲೆ ನಾಲ್ಕು ಬೆರಳು ಎದ್ದಿದ್ದವು, ಒಳಬದಿಗೆ ಹೆಬ್ಬೆರಳು. ಅವನದೇ ಕೈ. ಅದನ್ನು ನೋಡಿ ಯಾವ ಬಣ್ಣದ ಹೆಸರೂ ಹೊಳೆಯಲಿಲ್ಲ, ತಲೆಯೊಳಗೆ ಏನೂ ಕಲಸಿಕೊಳ್ಳಲಿಲ್ಲ. ಒಗೆದ ಬಟ್ಟೆ ತೊಡಿಸಿದ. ಅನ್ನ ತಿನ್ನಿಸಿದ. ಅವಳು ನುಂಗಿದಳು. ಅವಳನ್ನು ಮುಟ್ಟಲು ಅವನಿಗೆ ಹೆದರಿಕೆ, ಮುಟ್ಟಿಸಿಕೊಳ್ಳಲು ಅವಳಿಗೆ ಹೆದರಿಕೆ. ಇಬ್ಬರೂ ಒಂದೇ ಪಂಜರದಲ್ಲಿ ಹಾಕಿದ ಬೇರೆ ಬೇರೆ ಜಾತಿಯ ಪ್ರಾಣಿಗಳ ಹಾಗೆ ಒಬ್ಬರ ಕೈಯನ್ನು ಒಬ್ಬರು ಕಾಯುತ್ತಿದ್ದರು.

ಹಣೆಯ ಮೇಲೆ ಕೂದಲು ಬಿದ್ದಿತ್ತು. ಹಿಂದಕ್ಕೆ ಸರಿಸೋಣವೆಂದು ಅವನು ಕೈ ಎತ್ತಿದ. ಅಮ್ಮ ಕೂಡಲೇ ಮೊಣಕೈಯನ್ನು ಮುಖಕ್ಕೆ ಅಡ್ಡ ತಂದು, ಗಲ್ಲವನ್ನು ಎದೆಗೆ ಒತ್ತಿ, ಮಂಚದ ಮೂಲೆಗೆ ಸರಿದಳು. ತಡವರಿಸದೆ, ಪೆಟ್ಟು ಎಲ್ಲಿ ಬೀಳುತ್ತದೆಂದು ಮೊದಲೇ ತಿಳಿದವಳ ಹಾಗೆ ಸರಿದಳು. ಆ ಸಂಜೆ ಒಂದೇ ದಿನದಲ್ಲಿ ಕಲಿತದ್ದಲ್ಲ ಅದು. ಬಹಳ ವರ್ಷ, ಬಹಳ ಸಲ ಮಾಡಿ ಮೈಗೆ ಹತ್ತಿದ ಚಲನೆ.

"ಬೇಡ ರೀ," ಎಂದಳು. ಅವನು ಎಂದೂ ಕೇಳಿರದ ಪಿಸುದನಿ. "ಬೇಡ ರೀ. ಮಕ್ಕಳು ಎದ್ದುಬಿಡ್ತಾವೆ."

ಅವಳು ರೀ ಎನ್ನುತ್ತಿದ್ದದ್ದು ಪ್ರಪಂಚದಲ್ಲಿ ಒಬ್ಬರಿಗೆ ಮಾತ್ರ. ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಬೆಳಿಗ್ಗೆ ಎದ್ದರೆ ಅಮ್ಮ ಒಲೆಯ ಮುಂದೆ ಇರುತ್ತಿದ್ದಳು, ಅಪ್ಪ ಪೇಪರು ಓದುತ್ತಿದ್ದರು. ಅವನಿಗೆ ಅಷ್ಟೇ ಗೊತ್ತಿದ್ದದ್ದು. ಎತ್ತಿದ ಕೈ ಇನ್ನೂ ಗಾಳಿಯಲ್ಲಿತ್ತು. ಅವನು ಅದನ್ನು ಮೆಲ್ಲಗೆ, ಅವಳಿಗೆ ಕಾಣುವ ಹಾಗೆ ಇಳಿಸಿದ. ಮಂಚದಿಂದ ಎದ್ದು ನೆಲದ ಮೇಲೆ, ಅವಳಿಗಿಂತ ಕೆಳಗೆ ಕೂತ. ನಾನು ನಿನ್ನ ಮಗ ಎಂದರೆ ಮಕ್ಕಳು ಎದ್ದಿದ್ದಾರೆಂದು ಇನ್ನಷ್ಟು ಹೆದರುತ್ತಾಳೆ.

"ಇಲ್ಲ, ಎದ್ದಿಲ್ಲ," ಎಂದ. "ಮಲಗಿದಾವೆ. ಅವಕ್ಕೆ ಏನೂ ಗೊತ್ತಾಗಿಲ್ಲ."

ಅಮ್ಮ ಮೊಣಕೈಯ ಸಂದಿನಿಂದ ಅವನನ್ನು ನೋಡಿದಳು. ಆಮೇಲೆ ಮುಂದಿನ ಕೋ‌ಣೆಯ ಕಡೆಗೆ ಕತ್ತು ತಿರುಗಿಸಿ, ಉಸಿರು ಬಿಗಿಹಿಡಿದು, ಬಹಳ ಹೊತ್ತು ಕಿವಿಗೊಟ್ಟು ಕೇಳಿಸಿಕೊಂಡಳು. ಅಲ್ಲಿ ಸದ್ದೇ ಇಲ್ಲ ಎಂದು ಖಾತ್ರಿಯಾದ ಮೇಲೆ ಕೈಯನ್ನು ಇಳಿಸಿದಳು.